ಕಾಲು ಜೋಮು ಹಿಡಿದವರು

ಕೆಳಗಿನ ಮನೆಯಲ್ಲಿ ಅಕ್ಕ ಗಾಜಿನ ಲೋಟಗಳನ್ನು ಒಂದೊಂದಾಗಿ ಹಳೇ ಪತ್ರಿಕೆಯ ಹಾಳೆಯಲ್ಲಿ ಸುತ್ತುತ್ತಿದ್ದ ಸದ್ದು, ಮಹಡಿಯ ಮೇಲೆ ಕನ್ನಡಿಯ ಮುಂದೆ ಮುಖಕ್ಕೆ ಸೋಪು ಹಚ್ಚಿಕೊಂಡು ನಿಂತಿದ್ದ ಅವನಿಗೆ ಸ್ಪಷ್ಟವಾಗಿ ಕೇಳುತ್ತಿತ್ತು. ಕಾಗದ ಹರಿಯುವ ಸದ್ದು, ಮುದುಡುವ ಸದ್ದು, ಆಮೇಲೆ ಸ್ವಲ್ಪ ಹೊತ್ತು ಏನೂ ಇಲ್ಲ. ಆ ಏನೂ ಇಲ್ಲದ ಹೊತ್ತಿನಲ್ಲಿ ಅವನ ಕೈಯ ರೇಜರು ಕೆನ್ನೆಯ ಮೇಲೆ ನಿಂತುಬಿಡುತ್ತಿತ್ತು. ಅಕ್ಕ ಈಗ ಏನು ಮಾಡುತ್ತಿರಬಹುದು? ಲೋಟವನ್ನು ಬೆಳಕಿಗೆ ಹಿಡಿದು ಬಿರುಕು ನೋಡುತ್ತಿದ್ದಾಳೆಯೇ, ಇಲ್ಲ ಮೇಲಿನ ಸದ್ದಿಗೆ ಕಿವಿ ಕೊಟ್ಟು ಕೂತಿದ್ದಾಳೆಯೇ? ಅವನು ಬೇಕೆಂದೇ ಒಮ್ಮೆ ಕೆಮ್ಮಿದ. ಕೆಳಗೆ ಮತ್ತೆ ಕಾಗದ ಹರಿಯಿತು. ಸಂಜೆ ಲಾರಿ ಬರುತ್ತದೆ. ಅಕ್ಕ ಮಗಳ ಊರಿಗೆ ಹೊರಟುಹೋಗುತ್ತಾಳೆ. ನಾಲ್ಕು ದಿನ ಇದ್ದು ಬರುವುದಕ್ಕಲ್ಲ, ಇನ್ನು ಅಲ್ಲೇ. ಅಷ್ಟರೊಳಗೆ ಆಕೆಯ ಬಾಯಿಂದ ತನಗೊಂದು ಮಾತು ಬೀಳಬೇಕು, ಬೈಗುಳವಾದರೂ ಸರಿ ಎಂದು ಅವನಿಗೆ ಅನ್ನಿಸುತ್ತಿತ್ತು. ಹೋದ ಚಳಿಗಾಲದಿಂದ ಆಕೆ ಅವನೊಡನೆ ಮಾತು ಬಿಟ್ಟಿದ್ದಳು. ಯಾಕೆ ಎನ್ನುವುದು ಮಾತ್ರ ಅವನಿಗೆ ಗೊತ್ತಿರಲಿಲ್ಲ.

ಇದನ್ನು ಹೊರಗೆ ಯಾರಿಗೆ ತಾನೇ ಹೇಳುವುದು? ಜಗಳ ಹೇಗೆ ಹುಟ್ಟುತ್ತದೆ, ಹೇಗೆ ಮುಗಿಯುತ್ತದೆ ಎಂದು ಓದಿ, ಬರೆದು, ಅದರಲ್ಲೇ ತಲೆ ನರೆಸಿಕೊಂಡವನು ಅವನು. ಗುಡ್ಡದ ಮೇಲಿನ ಒಂದು ಪುಟ್ಟ ಬುಡಕಟ್ಟಿನ ಜನ ಪೊಲೀಸು, ವಕೀಲರು ಇಲ್ಲದೆ ತಮ್ಮ ಜಗಳಗಳನ್ನು ಹೇಗೆ ತೀರಿಸಿಕೊಳ್ಳುತ್ತಾರೆ ಎಂಬುದರ ಮೇಲೆ ದಪ್ಪನೆಯ ಪುಸ್ತಕ ಬರೆದಿದ್ದ. ಆ ಪುಸ್ತಕದಿಂದಲೇ ಅವನಿಗೆ ಅಧ್ಯಯನ ಕೇಂದ್ರದಲ್ಲೊಂದು ಕೋಣೆ, ಆ ಕೋಣೆಗೊಂದು ಕಿಟಕಿ, ಪರಿಚಯದವರ ಬಾಯಲ್ಲಿ ಶಾಂತಿ ಮೇಷ್ಟ್ರು ಎಂಬ ಹೆಸರು. ಗುಡ್ಡದವರ ಪದ್ಧತಿ ಹೇಳಹೊರಟರೆ ಸರಳ. ಉದ್ದನೆಯ ಒಂದು ಹಲಗೆ, ಹಲಗೆಯ ನಡುವಿನ ಅಡಿಗೆ ಒಂದು ಕಲ್ಲು. ಜಗಳವಾಡಿದ ಇಬ್ಬರೂ ಎರಡು ತುದಿಗೆ ಕೂರಬೇಕು. ಸಿಟ್ಟಿನಿಂದ ಒಬ್ಬ ದಡಕ್ಕನೆ ಎದ್ದರೆ ಇನ್ನೊಬ್ಬ ದೊಪ್ಪನೆ ಬೀಳುತ್ತಾನೆ. ಬಿದ್ದವನ ನೋವಿಗೆ ಎದ್ದವನೇ ಹೊಣೆ. ಆದ್ದರಿಂದ ಎದ್ದರೆ ಇಬ್ಬರೂ ಒಟ್ಟಿಗೇ ಏಳಬೇಕು, ಒಟ್ಟಿಗೆ ಏಳಬೇಕಾದರೆ ಯಾರಾದರೊಬ್ಬರು ಬಾಯಿಬಿಟ್ಟು ‘ಏಳೋಣವಾ’ ಎಂದು ಕೇಳಬೇಕು. ಆ ಒಂದು ಪ್ರಶ್ನೆಯ ಮೇಲೆ ಅವನು ಒಂದಿಡೀ ಅಧ್ಯಾಯ ಬರೆದಿದ್ದ. ಮೊದಲು ಕೇಳಿದವನು ತಪ್ಪು ಒಪ್ಪಿಕೊಂಡಂತೆ, ಆ ಪ್ರಶ್ನೆಯೇ ಕ್ಷಮೆ ಕೇಳುವ ರೀತಿ, ಗುಡ್ಡದವರ ಭಾಷೆಯಲ್ಲಿ ‘ಕ್ಷಮಿಸು’ ಎಂಬ ಪದ ಇಲ್ಲದಿರುವುದಕ್ಕೆ ಇದೇ ಕಾರಣ ಎಂದು. ಪುಸ್ತಕದಲ್ಲಿ ಎಲ್ಲರೂ ಮೆಚ್ಚಿದ್ದು ಅದೇ ಅಧ್ಯಾಯ.

ಗಲ್ಲದ ಕೆಳಗೆ ಸಣ್ಣಗೆ ಕೊಯ್ದುಕೊಂಡಿತು. ಟವೆಲಿನ ತುದಿ ಒತ್ತಿ ಹಿಡಿದು ಅವನು ಕಾರಣಗಳನ್ನು ಮತ್ತೆ ಮೊದಲಿನಿಂದ ಪೋಣಿಸತೊಡಗಿದ. ನೀರಿನ ತೊಟ್ಟಿ ತುಂಬಿ ಕೆಳಗೆ ಅಕ್ಕ ಒಣಹಾಕಿದ್ದ ಹೊದಿಕೆಗಳ ಮೇಲೆ ಸುರಿದದ್ದೇ? ಅದಕ್ಕೆ ಆಗಲೇ ಹೋಗಿ ಮನ್ನಿಸು ಅಂದಿದ್ದ. ಆಕೆ ಬಕೆಟ್ಟು ಎತ್ತಿಕೊಂಡು ಒಳಗೆ ಹೋಗಿದ್ದಳು. ಅಪ್ಪನ ಆರಾಮಕುರ್ಚಿಯನ್ನು ಕೇಳದೆ ಮಹಡಿಗೆ ಹೊತ್ತು ತಂದದ್ದೇ? ಒಬ್ಬನೇ ಏದುಸಿರು ಬಿಡುತ್ತ ಅದನ್ನು ಕೆಳಗಿಳಿಸಿ ಆಕೆಯ ಬಾಗಿಲ ಮುಂದಿಟ್ಟು ಬಂದಿದ್ದ. ಮಾರನೆಯ ಬೆಳಿಗ್ಗೆ ನೋಡಿದರೆ ಕುರ್ಚಿ ಮೆಟ್ಟಿಲ ತಿರುವಿನಲ್ಲಿ ಕೂತಿತ್ತು, ಮೇಲಿನದೂ ಅಲ್ಲ, ಕೆಳಗಿನದೂ ಅಲ್ಲ. ಇವತ್ತಿಗೂ ಅಲ್ಲೇ ಇದೆ. ಹತ್ತುವವರು ಇಳಿಯುವವರು ಮಂಡಿ ತಗುಲಿಸಿಕೊಂಡು ಓಡಾಡುತ್ತಾರೆ. ಸಣ್ಣವರಿದ್ದಾಗ ಅಕ್ಕ ಕಿರುಬೆರಳು ತೋರಿಸಿ ಟೂ ಬಿಡುತ್ತಿದ್ದಳು. ಸಂಜೆಯಾದರೆ ತಾನೇ ಬಂದು ಬೆನ್ನಿಗೊಂದು ಗುದ್ದಿ, ‘ಏ ಗುಂಡ, ಟೂ ಮುಗೀತು, ಬಾ’ ಅನ್ನುತ್ತಿದ್ದಳು. ಈಗ ಯಾವ ಬೆರಳನ್ನೂ ತೋರಿಸದೆ ಬಿಟ್ಟಿದ್ದಾಳೆ. ಮಾತು ಬಿಟ್ಟ ವಾರವೇ ತನ್ನ ಬೂದು ಬೆಕ್ಕನ್ನೂ ಯಾರಿಗೋ ಕೊಟ್ಟುಬಿಟ್ಟಳು. ಎಷ್ಟೋ ವರ್ಷ ಮಡಿಲಲ್ಲಿ ಸಾಕಿದ ಬೆಕ್ಕು. ವಯಸ್ಸಾಯಿತು, ಚಾಕರಿ ಆಗುವುದಿಲ್ಲವೇನೋ ಎಂದು ಅವನು ಅಂದುಕೊಂಡಿದ್ದ.

ಹೆಂಡತಿ ಅಡಿಗೆಮನೆಯಲ್ಲಿ ಅಕ್ಕನ ದಾರಿಯ ಊಟಕ್ಕೆ ಡಬ್ಬಿ ತೊಳೆಯುತ್ತಿದ್ದಳು. ಆಕೆಗೂ ಅಕ್ಕನಿಗೂ ಏನೂ ಇಲ್ಲ. ದಿನಕ್ಕೆ ನಾಲ್ಕು ಸಲ ಇಳಿದು ಹೋಗುತ್ತಾಳೆ, ನಗುವುದು ಕೇಳಿಸುತ್ತದೆ.

“ನಿನಗೆ ಗೊತ್ತಿದೆ,” ಅಂದ ಅವನು.

“ಗೊತ್ತಿದೆ.”

“ಹಾಗಾದ್ರೆ ಹೇಳು.”

“ಯಾರ ಜಗಳವೋ ಅವರೇ ಹೇಳ್ಬೇಕು ಅಂತ ನೀವೇ ಬರೆದಿದ್ದೀರಲ್ಲ, ರೀ. ಊರಿಗೆಲ್ಲ ಹೇಳಿ ಬರ್ತೀರಿ.”

“ಅಕ್ಕನ್ನ ಒಂದ್ಸಲ ಕೇಳಿ ನೋಡು. ತಮ್ಮ ಬಂದು ಮಾತಾಡ್ಲಾ ಅಂತಿದಾನೆ ಅಂತ, ಅಷ್ಟೇ.”

ಹೆಂಡತಿ ಡಬ್ಬಿಯ ಮುಚ್ಚಳವನ್ನು ಒರೆಸಿ, ಮುಚ್ಚಿ, ಮತ್ತೆ ತೆಗೆದು ನೋಡಿದಳು. “ನಾನೇನು ನಿಮ್ಮಿಬ್ಬರ ಮಧ್ಯದ ಬೆಕ್ಕಾ?” ಅಂದಳು.

ಅವನಿಗೆ ನಗು ಬಂತು. ಮನೆಯವಳ ಬಾಯಿಗೂ ಬಂದುಬಿಟ್ಟಿತಲ್ಲ ತನ್ನ ಭಾಷಣದ ಬೆಕ್ಕು, ಎಂದು ಒಳಗೊಳಗೇ ಸ್ವಲ್ಪ ಹಿಗ್ಗಿದ. ಆಕೆ ನಗಲಿಲ್ಲ. ಅವಳ ಮುಖ ನೋಡಿ ಅವನ ನಗು ಅಲ್ಲೇ ಕರಗಿತು. ಯಾಕೆ ಕರಗಿತು ಎಂಬುದೂ ತಿಳಿಯದೆ ಅವನು ಚೀಲ ಹೆಗಲಿಗೆ ಹಾಕಿಕೊಂಡು ಮೆಟ್ಟಿಲಿಳಿದ. ತಿರುವಿನಲ್ಲಿ ಕುರ್ಚಿ ಮಂಡಿಗೆ ತಗುಲಿತು. ಕೆಳಗಿನ ಬಾಗಿಲು ತೆರೆದಿತ್ತು. ಅಕ್ಕ ನೆಲದ ಮೇಲೆ ಕಾಲು ಚಾಚಿ ಕೂತು ಒಂದು ಪೆಟ್ಟಿಗೆಗೆ ಹಗ್ಗ ಬಿಗಿಯುತ್ತಿದ್ದಳು. ಗಂಟು ಹಾಕುವಾಗ ಒಬ್ಬರು ಬೆರಳಿಟ್ಟು ಒತ್ತಿ ಹಿಡಿದರೆ ಗಂಟು ಸಡಿಲವಾಗುವುದಿಲ್ಲ. ಆಕೆ ಹಲ್ಲಿನಿಂದ ಹಗ್ಗದ ತುದಿ ಕಚ್ಚಿ ಹಿಡಿದಿದ್ದಳು. ಅವನ ತೋರುಬೆರಳು ತಾನಾಗಿಯೇ ಚಾಚಿಕೊಂಡಿತು. ಬಾಗಿಲ ಹೊಸ್ತಿಲ ಈಚೆಗೆ, ಗಾಳಿಯಲ್ಲಿ, ಯಾವ ಗಂಟಿನ ಮೇಲೂ ಅಲ್ಲದೆ. ಅಕ್ಕ ತಲೆ ಎತ್ತಲಿಲ್ಲ. ಅವನು ಬೆರಳನ್ನು ಜೇಬಿಗೆ ಹಾಕಿಕೊಂಡು ನಡೆದ.

ಕೇಂದ್ರದ ಗೇಟಿನಲ್ಲಿ ಕಾವಲುಗಾರ ಎದ್ದು ನಿಂತು, “ಮೇಷ್ಟ್ರೇ, ಇವತ್ತು ದೊಡ್ಡ ಗುಂಪು ಬಂದಿದೆ. ಬೆಕ್ಕಿನ ಕತೆ ಇದೆಯಾ?” ಅಂದ. ಇವತ್ತೇ ತರಬೇತಿಗೆ ಜನ ಬರುವವರಿದ್ದರು ಎಂಬುದು ಅವನಿಗೆ ಮರೆತೇಹೋಗಿತ್ತು. ಬೇರೆ ಬೇರೆ ಕಚೇರಿಗಳಿಂದ ಬಂದ ಅಧಿಕಾರಿಗಳು, ಎದೆಯ ಮೇಲೆ ಹೆಸರಿನ ಚೀಟಿ ಅಂಟಿಸಿಕೊಂಡು, ಹಜಾರದಲ್ಲಿ ಹಲಗೆಯ ಸುತ್ತ ನಿಂತಿದ್ದರು. ಅವನ ಪುಸ್ತಕಕ್ಕೆ ಬಹುಮಾನ ಬಂದಾಗ ಕೇಂದ್ರದವರು ಆಸೆಪಟ್ಟು ಮಾಡಿಸಿದ ಹಲಗೆ ಅದು. ಪಾಲಿಶ್ ಹಚ್ಚಿ ಮುಖ ಕಾಣುವ ಹಾಗೆ ಹೊಳೆಯುತ್ತದೆ. ಉದ್ಘಾಟನೆಯ ದಿನ ಯಾರೋ ಬಿದ್ದು ಸೊಂಟ ಉಳುಕಿಸಿಕೊಂಡ ಮೇಲೆ ಬಡಗಿಯನ್ನು ಕರೆಸಿ ಎರಡೂ ತುದಿಗೆ ಕಾಲು ಹೊಡೆಸಿದ್ದರು. ನಡುವಿನ ಕಲ್ಲನ್ನು ನೋಡುವುದಕ್ಕೆ ಮಾತ್ರ ಉಳಿಸಿಕೊಂಡಿದ್ದರು. ಮಧ್ಯಾಹ್ನ ಊಟವಾದ ಮೇಲೆ ಜವಾನ ಅದರ ಮೇಲೆ ಮಲಗುತ್ತಾನೆ, ಅವನಿಗೆ ಅಲ್ಲಿ ಬರುವಷ್ಟು ಒಳ್ಳೆಯ ನಿದ್ದೆ ಇನ್ನೆಲ್ಲೂ ಬರುವುದಿಲ್ಲವಂತೆ.

ನಿರ್ದೇಶಕಿ ಇಬ್ಬರನ್ನು ಕರೆದು ಹಲಗೆಯ ಎರಡು ತುದಿಗೆ ಕೂರಿಸಿದಳು. ಅವನು ಎಂದಿನಂತೆ ಶುರು ಮಾಡಿದ. ಹಲಗೆಗೆ ಮೊದಲು ತೂಕ ನೋಡಬೇಕು, ದಪ್ಪಗಿರುವವನು ಕಲ್ಲಿನ ಕಡೆಗೆ ಸರಿಯುತ್ತ ಬರಬೇಕು, ಎಂದರೆ ಹೆಚ್ಚು ತೂಕದವನು ಎದುರಾಳಿಗೆ ಹೆಚ್ಚು ಹತ್ತಿರವಾಗಬೇಕು, ಇದರ ಅರ್ಥ ಗಮನಿಸಿ. ಅಷ್ಟರಲ್ಲಿ ಒಂದು ತುದಿಯವನ ಫೋನು ಬಡಿದುಕೊಂಡಿತು. ಆತ ಎದ್ದು ಮಾತಾಡುತ್ತ ವರಾಂಡಕ್ಕೆ ಹೋದ. ಇನ್ನೊಂದು ತುದಿಯವಳು ಕೂತೇ ಇದ್ದಳು.

“ಸರ್, ಒಬ್ರು ಎದ್ರೆ ಇನ್ನೊಬ್ರು ಬೀಳ್ಬೇಕಲ್ವಾ?” ಎಂದಳು ಆಕೆ. “ನಾನು ಗಟ್ಟಿಯಾಗಿ ಹಿಡ್ಕೊಂಡು ಕೂತಿದ್ದೆ.”

“ಸುರಕ್ಷತೆಗೆ ಕಾಲು ಹಾಕ್ಸಿದೀವಮ್ಮ,” ಎಂದಳು ನಿರ್ದೇಶಕಿ. “ಬಿದ್ದ ಹಾಗೆ ಅಂದ್ಕೊಳ್ಳಿ.”

ಎಲ್ಲರೂ ನಕ್ಕರು. ಅವನೂ ನಕ್ಕ. ತಾನು ಯಾವುದಕ್ಕೆ ನಕ್ಕೆ ಎಂದು ಯೋಚಿಸುತ್ತಿರುವಾಗಲೇ ಅವನ ಕಣ್ಣೆದುರು ಗುಡ್ಡದ ಆ ಇನ್ನೊಂದು ಹಲಗೆ ಬಂದು ನಿಂತಿತು. ಮಳೆಗೆ ಬಿಸಿಲಿಗೆ ಕಪ್ಪಾದದ್ದು, ಕೂತವರ ಕುಂಡೆಯಿಂದಲೇ ನುಣುಪಾದದ್ದು. ಒಂದು ಕಾಲುದಾರಿಗಾಗಿ ಹೊಡೆದಾಡಿಕೊಂಡ ಅಣ್ಣತಮ್ಮಂದಿರು ಬೆಳಗಿನಿಂದ ಅದರ ಮೇಲೆ ಕೂತಿದ್ದರು. ಹಲಗೆಯನ್ನು ನೋಡಿಕೊಳ್ಳುವ ಮುದುಕಿ, ಎಲ್ಲರೂ ಹಲಗೆಯಜ್ಜಿ ಎನ್ನುತ್ತಿದ್ದವಳು, ಒಂದು ಬುಟ್ಟಿ ಹೆಣೆಯುತ್ತ ಪಕ್ಕದಲ್ಲಿದ್ದಳು. ಅವನು ಟೇಪ್‌ರೆಕಾರ್ಡರು ಹಿಡಿದು ಆ ಮಹಾವಾಕ್ಯಕ್ಕಾಗಿ ಕಾದದ್ದೇ ಕಾದದ್ದು. ಅವರಿಬ್ಬರೂ ಒಂದು ಕಾಗೆಯ ಬಗ್ಗೆ ಮಾತಾಡಿದರು, ಬಹಳ ಹೊತ್ತಿನ ಮೇಲೆ ಸತ್ತ ಅಪ್ಪನ ಬಗ್ಗೆ, ಮತ್ತೆ ಮಾತೇ ಇಲ್ಲ. ಬಿಸಿಲು ಇಳಿದಾಗ ತಮ್ಮ ಅಂದ, ಏಳೋಣವಾ? ಅಣ್ಣ ಹೂಂ ಅಂದ. ಎದ್ದರು, ಕುಂಟುತ್ತ ಹೋದರು. ಅವನು ಮುದುಕಿಯ ಹಿಂದೆ ಬಿದ್ದಿದ್ದ. ತಮ್ಮನೇ ಯಾಕೆ ಮೊದಲು ಕೇಳಿದ್ದು? ತಪ್ಪು ಅವನದೇ? ಮುದುಕಿ ಬುಟ್ಟಿಯಿಂದ ತಲೆಯೆತ್ತಿ, ‘ಯಾರ ಕಾಲು ಜೋಮು ಹಿಡೀತೋ ಅವರು ಕೇಳ್ತಾರೆ, ಮಗಾ’ ಅಂದಳು. ಅವನು ಜಾಣನಗೆ ನಕ್ಕು, ಹೊರಗಿನವರಿಗೆ ಗುಟ್ಟು ಬಿಟ್ಟುಕೊಡುವುದಿಲ್ಲ ಇವರು ಎಂದುಕೊಂಡು, ಗುಡಾರಕ್ಕೆ ಹೋಗಿ ಕ್ಷಮೆಯ ಅಧ್ಯಾಯಕ್ಕೆ ಕೂತಿದ್ದ. ಮುದುಕಿಯ ಮಾತನ್ನು ಅಡಿಟಿಪ್ಪಣಿಗೂ ಹಾಕಿರಲಿಲ್ಲ.

“ಮೇಷ್ಟ್ರೇ, ಬೆಕ್ಕು, ಬೆಕ್ಕು,” ಎಂದರು ಯಾರೋ. ಹಿಂದಿನ ಗುಂಪಿನವರು ಇವರಿಗೆ ಹೇಳಿ ಕಳಿಸಿರಬೇಕು.

ಬೆಕ್ಕಿನ ಕತೆ ಅವನು ಮೊದಲ ಸಲ ಹೇಳಿದ್ದು ಹೋದ ಚಳಿಗಾಲ, ಬಹುಮಾನದ ಭಾಷಣದಲ್ಲಿ. ಬರೆದುಕೊಂಡು ಹೋಗಿದ್ದು ಒಣಗಿದ ರೊಟ್ಟಿಯಂತಿತ್ತು, ಸಭೆ ಆಕಳಿಸುತ್ತಿತ್ತು, ಅಕ್ಕ ಮೂರನೆಯ ಸಾಲಿನಲ್ಲಿ ಹೊಸ ಚಪ್ಪಲಿ ಮೆಟ್ಟಿಕೊಂಡು ಬೆನ್ನು ನೆಟ್ಟಗೆ ಮಾಡಿ ಕೂತಿದ್ದಳು. ಆಗ ಎಲ್ಲಿಂದಲೋ ನಾಲಿಗೆಗೆ ಬಂತು. ‘ಮಧ್ಯಸ್ಥಿಕೆಗೆ ಗುಡ್ಡಕ್ಕೇ ಹೋಗಬೇಕಿಲ್ಲ, ಸ್ವಾಮಿ. ನಮ್ಮ ಮನೆಗಳಲ್ಲೂ ಇದೆ. ನನಗೆ ಗೊತ್ತಿರೋ ಒಂದು ಗಂಡ ಹೆಂಡತಿ ಎರಡು ವರ್ಷ ಮಾತು ಬಿಟ್ಟಿದ್ರು. ಒಂದೇ ಮನೆ, ಒಂದೇ ಒಲೆ. ಮಧ್ಯದಲ್ಲಿ ಒಂದು ಬೆಕ್ಕು. ಗಂಡ ಅನ್ನೋನು, ಬೆಕ್ಕೇ, ಉಪ್ಪು ಸಾಲದು ಅಂತ ಹೇಳು. ಹೆಂಡತಿ ಅನ್ನೋಳು, ಬೆಕ್ಕೇ, ನಾಲಿಗೆ ಕೆಟ್ಟಿದೆ, ಡಾಕ್ಟರ ಹತ್ರ ಹೋಗೋಕೆ ಹೇಳು.’ ಸಭೆ ಬಿದ್ದು ಬಿದ್ದು ನಕ್ಕಿತು. ನಗು ಕೈಗೆ ಸಿಕ್ಕ ಮೇಲೆ ಬಿಡುವವರು ಯಾರು? ಅವನು ಬೆಕ್ಕಿನ ಹಾಗೆ ಒಮ್ಮೆ ಕೂಗಿಯೂ ತೋರಿಸಿದ್ದ.

ಈಗಲೂ ಅದನ್ನೇ ಹೇಳಿದ. ಉಪ್ಪಿನ ಹತ್ತಿರ ನಕ್ಕರು, ಡಾಕ್ಟರ ಹತ್ತಿರ ಇನ್ನೂ ಜೋರಾಗಿ ನಕ್ಕರು. ಮುಂದಿನ ಸಾಲಿನ ಒಬ್ಬ ವಯಸ್ಸಾದ ಗುಮಾಸ್ತ ಮಾತ್ರ ನಗುಮುಖ ಇಟ್ಟುಕೊಂಡೇ ಕೇಳಿದ: “ಆಮೇಲೆ ಏನಾಯ್ತು, ಸರ್? ಮಾತಾಡಿದ್ರಾ?”

ಅವನು ಬಾಯಿ ತೆರೆದ.

ಕತೆ ಅಲ್ಲಿಗೆ ಮುಗಿದಿರಲಿಲ್ಲ ಎಂಬುದಷ್ಟೇ ಅವನಿಗೆ ಗೊತ್ತಿತ್ತು. ಅದಕ್ಕೊಂದು ಉಳಿದರ್ಧ ಇತ್ತು. ಎಲ್ಲಿ ಕೇಳಿದ್ದು? ಆಸ್ಪತ್ರೆಯ ಉದ್ದನೆಯ ಹಾದಿ. ಭಾವ ಒಳಗಿನ ವಾರ್ಡಿನಲ್ಲಿ, ಆವತ್ತೋ ನಾಳೆಯೋ ಅನ್ನುವ ಸ್ಥಿತಿ. ಬೆಂಚಿನ ಮೇಲೆ ಅಕ್ಕ, ಪಕ್ಕದಲ್ಲಿ ಅವನು. ಒಬ್ಬಳು ನೆಲ ತಿಕ್ಕುವ ಯಂತ್ರವನ್ನು ಗುಂಯ್ಯೆನ್ನಿಸುತ್ತ ಅತ್ತಿಂದಿತ್ತ ಓಡಾಡಿಸುತ್ತಿದ್ದಳು. ಯಂತ್ರದ ಹಳದಿ ವೈರು ಎಳೆದುಕೊಂಡು ಬಂದು ಅವನ ಬೂಟಿಗೆ ಸುತ್ತಿಕೊಂಡಿತ್ತು. ಅದನ್ನು ಬಿಡಿಸುವಾಗ ಬೆರಳಿಗಾದ ಒದ್ದೆ ಕೂಡ ನೆನಪಿದೆ. ಅಕ್ಕ ಬಲಗೈಗೆ ಬಟ್ಟೆ ಸುತ್ತಿಕೊಂಡಿದ್ದಳು. ಆಕೆಯ ತುಟಿ ಅಲ್ಲಾಡುತ್ತಿತ್ತು. ಮೊದಲು ಉಪ್ಪು, ಡಾಕ್ಟರು. ಆಮೇಲೆ ಇನ್ನೇನೋ ಹೇಳುತ್ತ ಹೇಳುತ್ತ ಅತ್ತಳು. ಆ ಹೊತ್ತಿಗೆ ಅವನ ತಲೆಯಲ್ಲಿ ಏನಿತ್ತು? ಮಾರನೆಯ ದಿನ ಅಚ್ಚಿಗೆ ಕೊಡಬೇಕಾದ ಅಧ್ಯಾಯದ ಕೊನೆಯ ವಾಕ್ಯವಿತ್ತು. ಆ ವಾಕ್ಯ ಇವತ್ತಿಗೂ ಬಾಯಿಪಾಠ.

“ಮಾತಾಡಿದ್ರು ಅಂತ ಕಾಣುತ್ತೆ,” ಎಂದ ಅವನು ಗುಮಾಸ್ತನಿಗೆ. ತಕ್ಷಣ ಮುಖಕ್ಕೆ ರಕ್ತ ನುಗ್ಗಿತು. ಭಾವ, ಅಕ್ಕ. ಆ ಗಂಡ ಹೆಂಡತಿ ಅವರೇ ಎಂಬುದು ಅವನಿಗೆ ಗೊತ್ತೇ ಇರಲಿಲ್ಲ ಎಂದಲ್ಲ. ಗೊತ್ತಿತ್ತು. ಅದು ಹೇಗೋ ಮನೆಯ ಹಿತ್ತಿಲಲ್ಲಿ ಬಿದ್ದಿರುವ ಸಾಮಾನಿನ ಹಾಗೆ ಗೊತ್ತಿತ್ತು, ಅದಕ್ಕೆ ಯಜಮಾನರು ಇದ್ದಾರೆ ಅನ್ನುವುದು ಹೊಳೆದಿರಲಿಲ್ಲ. ಹೊಸ ಚಪ್ಪಲಿ, ನೆಟ್ಟಗಿನ ಬೆನ್ನು, ಭಾಷಣ ಮುಗಿದಾಗ ಖಾಲಿಯಿದ್ದ ಮೂರನೆಯ ಸಾಲಿನ ಕುರ್ಚಿ. ಛೆ, ಇರಲಾರದು. ಹೆಸರು ಹೇಳಿರಲಿಲ್ಲವಲ್ಲ. ಯಾರಿಗೂ ತಿಳಿದಿರಲಾರದು. ಇರಬಹುದೇ? ಅವನು ನಿರ್ದೇಶಕಿಗೆ ತಲೆನೋವು ಎಂದು ಹೇಳಿ ಹೊರಬಿದ್ದ. ಕಾವಲುಗಾರ, “ಇಷ್ಟು ಬೇಗ ಮುಗೀತಾ?” ಎನ್ನುತ್ತಿದ್ದ.

ಮನೆಯ ದಾರಿ ಅವನಿಗೆ ತಲೆಕೆಳಗಾದಂತಿತ್ತು. ಇಸ್ತ್ರಿ ಅಂಗಡಿ ದಾಟಿದ ಮೇಲೆ ಬೀಗದ ಅಂಗಡಿಯೋ, ಬೀಗದ ಅಂಗಡಿ ದಾಟಿದ ಮೇಲೆ ಇಸ್ತ್ರಿಯದೋ. ತನ್ನ ಬೀದಿಯನ್ನು ದಾಟಿ ಮುಂದೆ ಹೋಗಿ ಮತ್ತೆ ಹಿಂದಿರುಗಿದ. ಹೋಗಿ ಏನು ಹೇಳುವುದು? ಬೆಕ್ಕಿನ ಕತೆ ಹೇಳಬಾರದಿತ್ತು ಎಂದರೆ, ಅದಲ್ಲದೆ ಬೇರೆ ಏನೋ ಆಗಿದ್ದರೆ, ಇಲ್ಲದ ಗಾಯವನ್ನು ತಾನೇ ಕೆರೆದಂತಾಗುತ್ತದೆ. ಅದೇ ಆಗಿದ್ದರೆ, ಹೆಸರು ಹೇಳಿರಲಿಲ್ಲ ಎನ್ನುವ ಮಾತು ಮೊದಲು ಬಾಯಿಗೆ ಬರುತ್ತದೆ. ಆ ಮಾತು ಬಂದರೆ ಮುಗಿಯಿತು. ಗುಡ್ಡದವರ ಒಪ್ಪಂದಗಳನ್ನು ಅವನು ಬಗೆಬಗೆಯಾಗಿ ವಿಂಗಡಿಸಿ ಚಿತ್ರ ಬರೆದಿದ್ದ, ಬಾಣದ ಗುರುತು ಹಾಕಿ, ಚೌಕ ಹಾಕಿ. ಯಾವ ಚೌಕದಲ್ಲೂ ತಾನಾಗಲಿ ಅಕ್ಕನಾಗಲಿ ಹಿಡಿಸುತ್ತಿರಲಿಲ್ಲ.

ಬೀದಿಯ ತಿರುವಿಗೆ ಬಂದರೆ ಲಾರಿ ಆಗಲೇ ನಿಂತಿತ್ತು. ಇಬ್ಬರು ಹಮಾಲಿಗಳು ಬೀರುವನ್ನು ಬಾಗಿಲಲ್ಲಿ ಓರೆ ಮಾಡಿ, ನೆಟ್ಟಗೆ ಮಾಡಿ, ಒಬ್ಬರನ್ನೊಬ್ಬರು ಬೈದುಕೊಳ್ಳುತ್ತಿದ್ದರು. “ಒಳಗೆ ಹೇಗೆ ಹೋಯ್ತೋ ಹಾಗೇ ಬರುತ್ತೆ ಬಿಡೋ.” “ಒಳಗೆ ಹೋದಾಗ ಸಣ್ಣದಿತ್ತೇನೋ, ಇಲ್ಲೇ ಉಂಡು ಬೆಳೆದಿದೆ.” ಅಂಗಳದಲ್ಲಿ ಅಕ್ಕನ ಮಂಚ ಬಿಚ್ಚಿ ಹರವಿತ್ತು. ಅದರ ಉದ್ದನೆಯ ಹಲಗೆಗೆ ಮಣ್ಣು ತಾಕದಿರಲಿ ಎಂದು, ಹೂಕುಂಡ ಇಡುತ್ತಿದ್ದ ಕಲ್ಲಿನ ಮೇಲೆ ಅಡ್ಡಲಾಗಿ ಇಟ್ಟಿದ್ದರು. ಅವನು ಗೇಟಿನ ಚಿಲಕದ ಮೇಲೆ ಕೈಯಿಟ್ಟು ನಿಂತ. ಅಕ್ಕ ಒಂದು ಕೈಚೀಲ ಹಿಡಿದು ಹೊರಬಂದಳು, ಉಸಿರು ಬಿಟ್ಟಳು, ಮತ್ತೆ ಸುತ್ತ ನೋಡಿದಳು. ಕುರ್ಚಿಗಳೆಲ್ಲ ಲಾರಿ ಹತ್ತಿದ್ದವು. ಕೂರುವುದಕ್ಕೆ ಬೇರೇನೂ ಇಲ್ಲದೆ ಹಲಗೆಯ ತುದಿಗೆ ಕೂತಳು.

ಹಲಗೆ ಅವಳ ಕಡೆಗೆ ಒಮ್ಮೆಲೇ ವಾಲಿತು. ಅಕ್ಕನ ಕಾಲು ಮೇಲೆ ಹೋಯಿತು, ಕೈಚೀಲ ಮೊಣಕೈಗೆ ಜಾರಿತು. ಅವನು ಹೇಗೆ ಓಡಿದನೋ, ಚಿಲಕ ತೆಗೆದನೋ ಇಲ್ಲವೋ, ಮೇಲೆದ್ದಿದ್ದ ಇನ್ನೊಂದು ತುದಿಯ ಮೇಲೆ ತನ್ನ ಮೈಯನ್ನೆಲ್ಲ ಹಾಕಿ ಕೂತುಬಿಟ್ಟ. ಈಗ ಅಕ್ಕನ ತುದಿ ಮೇಲೆದ್ದಿತು. ಒಣಕಲು ದೇಹದ ಅಕ್ಕ ಗಾಳಿಯಲ್ಲಿ ಎರಡೂ ಕೈಯಿಂದ ಹಲಗೆಯ ಅಂಚು ಹಿಡಿದುಕೊಂಡು, ಅಂಗಳದಲ್ಲಿ ಆಟವಾಡಲು ಬಂದ ಹುಡುಗಿಯ ಹಾಗೆ ಕಾಲು ತೂಗುಬಿಟ್ಟು ಕೂತಿದ್ದಳು. ಅವನು ನಿಧಾನವಾಗಿ ಕಲ್ಲಿನ ಕಡೆಗೆ ಸರಿದ. ಇನ್ನಷ್ಟು ಸರಿದ. ಅಕ್ಕನ ಪಾದ ನೆಲ ಮುಟ್ಟಿತು. ಹಲಗೆ ಮಟ್ಟಸವಾಗಿ ನಿಂತಿತು. ಇಬ್ಬರ ನಡುವೆ ಈಗ ಕೈಚಾಚಿದರೆ ಮುಟ್ಟುವಷ್ಟೇ ದೂರ.

ಬೀರು ಬಾಗಿಲಿಂದ ಬಿಡಿಸಿಕೊಂಡು ಹೊರಬಂತು. ಹಮಾಲಿಗಳು ಅದನ್ನು ಹೊತ್ತು ಇವರನ್ನು ದಾಟಿ ಹೋದರು. ಒಬ್ಬ ತಿರುಗಿ ನೋಡಿ, “ಹಲಗೇನೂ ತುಂಬಬೇಕಲ್ಲ, ಅಮ್ಮಾ,” ಅಂದ. ಅಕ್ಕ ಆಮೇಲೆ ಎನ್ನುವಂತೆ ಕೈಯಾಡಿಸಿದಳು. ಅವನು ತನ್ನ ಮೊಣಕಾಲುಗಳನ್ನು ನೋಡುತ್ತ ಕೂತ. ತಾನು ಎದ್ದರೆ ಆಕೆ ಬೀಳುತ್ತಾಳೆ. ಆಕೆ ಎದ್ದರೆ ತಾನು. ಕೇಳಬೇಕು. ಕೇಳಿದವನು ತಪ್ಪು ಒಪ್ಪಿಕೊಂಡಂತೆ, ಪುಟಗಟ್ಟಲೆ ಬರೆದದ್ದು ಅವನೇ. ಯಾವ ತಪ್ಪನ್ನು ಒಪ್ಪಿಕೊಂಡ ಹಾಗಾಗುತ್ತದೆ ಈಗ? ತೊಟ್ಟಿಯ ನೀರಿನದೇ, ಕುರ್ಚಿಯದೇ, ಬೆಕ್ಕಿನದೇ, ಇಲ್ಲ ಗೊತ್ತೇ ಇಲ್ಲದ ಮತ್ತೊಂದರದೇ? ಅಕ್ಕ ಕೇಳಲಿ ಎಂದು ಕಾದರೆ ತಪ್ಪು ಅವಳದೆಂದು ಹೊರಿಸಿದಂತೆ. ಇರುವೆಯೊಂದು ಹಲಗೆಯ ಮೇಲೆ ಅವಳ ಕಡೆಯಿಂದ ಹೊರಟು ಇವನ ಕಡೆಗೆ ಬಂತು, ಏನೋ ಮರೆತಂತೆ ತಿರುಗಿ ಹೋಯಿತು. ಮೇಲೆ ಕಿಟಕಿಯಲ್ಲಿ ಹೆಂಡತಿ ನಿಂತಿದ್ದವಳು ಒಳಗೆ ಸರಿದಳು. ಮಂಚದ ಹಲಗೆಯ ಅಂಚು ಅವನ ತೊಡೆಯನ್ನು ಕೆಳಗಿನಿಂದ ಒತ್ತುತ್ತಿತ್ತು. ಮೊದಲು ಕಾಲಿನ ಬೆರಳುಗಳು ತಣ್ಣಗಾದವು, ಆಮೇಲೆ ಅಂಗಾಲಿನಲ್ಲಿ ಸೋಡಾ ನೊರೆಯ ಹಾಗೆ ಏನೋ ಚುರುಚುರು ಎಂದಿತು, ಆಮೇಲೆ ಬಲಗಾಲು ಯಾರದೋ ಕಾಲಾಯಿತು. ಅದನ್ನು ಸ್ವಲ್ಪ ಅಲ್ಲಾಡಿಸಿ ನೋಡಿದ. ಇಲ್ಲ. ಆಗ ಅವನಿಗೆ, ಎಷ್ಟೋ ವರ್ಷದ ಹಿಂದೆ ಹೆಣೆದಿಟ್ಟ ಒಂದು ಬುಟ್ಟಿಯೊಳಗಿಂದ ಬಂದ ಹಾಗೆ, ಹಲಗೆಯಜ್ಜಿಯ ಮಾತು ಕೇಳಿಸಿತು. ಆಕೆ ಗುಟ್ಟನ್ನು ಮುಚ್ಚಿಟ್ಟಿರಲೇ ಇಲ್ಲ. ಕೇಳಿದ್ದಕ್ಕೆ ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದಳು.

“ಅಕ್ಕಾ,” ಅಂದ. “ಕಾಲು ಜೋಮು ಹಿಡೀತು. ಏಳೋಣವಾ?”

ಅಕ್ಕ ಲಾರಿಯ ಕಡೆಗೇ ನೋಡುತ್ತಿದ್ದಳು. “ನಂಗಿನ್ನೂ ಹಿಡಿದಿಲ್ಲ,” ಎಂದಳು. “ಕೂತ್ಕೋ.”

ಅವನು ಕೂತೇ ಇದ್ದ. ಚಳಿಗಾಲದಿಂದ ಈಚೆಗೆ ಆಕೆ ಆಡಿದ ಮೊದಲ ಮಾತು ಅದು. ಅದರಲ್ಲಿ ಸಿಟ್ಟಿತ್ತೇ, ಬೇಸರವಿತ್ತೇ, ಬರೀ ಮಾತಿತ್ತೇ ಎಂದು ಅವನಿಗೆ ಗೊತ್ತಾಗಲಿಲ್ಲ.

“ಬೆಕ್ಕಿದ್ದಿದ್ರೆ ಅದರ ಹತ್ರ ಹೇಳಿ ಕಳಿಸ್ತಿದ್ದೆ,” ಎಂದಳು ಅಕ್ಕ. “ಅದನ್ನೂ ಕೊಟ್ಟಾಯ್ತು. ಅದರ ಮುಖ ನೋಡಿದ್ರೆ ನಿನ್ನ ಸಭೆ ನಗೋದು ಕೇಳಿಸ್ತಿತ್ತು.”

“ನಾನು ಹೆಸ...” ಎಂದು ಅವನ ಬಾಯಿ ತಾನೇ ಶುರು ಮಾಡಿತ್ತು. ಹಲ್ಲು ಕಚ್ಚಿ ನಿಲ್ಲಿಸಿದ.

“ಹೆಸರು ಹೇಳ್ಲಿಲ್ಲ, ಗೊತ್ತು. ನನ್ನ ಪಕ್ಕ ಕೂತಿದ್ದೋಳು ನಕ್ಕೂ ನಕ್ಕೂ ನನ್ನ ತೊಡೆ ಮೇಲೆ ಹೊಡೆದ್ಲು. ನಾನೂ ನಕ್ಕೆ ಕಣೋ. ನಗದೇ ಇದ್ರೆ ಗೊತ್ತಾಗ್ಬಿಡುತ್ತಲ್ಲ.” ಆಕೆ ಕೈಚೀಲದ ಹಿಡಿಕೆಯನ್ನು ಬೆರಳಿಗೆ ಸುತ್ತಿ ಬಿಚ್ಚಿದಳು. “ನಗಿಸಿದ್ದಕ್ಕೆ ಸಿಟ್ಟಿಲ್ಲ. ಆ ಎರಡು ವರ್ಷ ನಾವಿಬ್ಬರೂ ನಗೋ ಹಾಗೇ ಇದ್ವಿ. ಆದ್ರೆ ಅರ್ಧ ಹೇಳಿ ಅರ್ಧ ಬಿಟ್ಟೆ ನೋಡು. ಉಳಿದರ್ಧ ಹೇಳ್ತಾನೆ, ಈಗ ಹೇಳ್ತಾನೆ ಅಂತ ಕಾದೆ. ನೀನು ಮಿಯಾಂವ್ ಅಂದೆ.”

ಡ್ರೈವರ್ ಹಾರನ್ ಒತ್ತಿದ. ಅಕ್ಕ ಅತ್ತ ನೋಡದೆ, “ಇರಪ್ಪ,” ಎಂದಳು. ಆಮೇಲೆ ತಮ್ಮನ ಕಡೆಗೆ ಮುಖ ತಿರುಗಿಸಿದಳು. “ಈಗ ಹೇಳು. ಕೊನೆಗೆ ಅವರು ಏನಂದ್ರು?”

ಅವನು ಹುಡುಕಿದ. ಹಳದಿ ವೈರು, ಒದ್ದೆ ಬೆರಳು, ಗುಂಯ್ ಗುಂಯ್, ಅಲ್ಲಾಡುವ ತುಟಿ. ಸುಳ್ಳೊಂದನ್ನು ಕಟ್ಟಬಹುದಿತ್ತು. ಅವನಿಗೆ ಕಟ್ಟಲು ಬರುತ್ತಿತ್ತು, ಚಂದವಾಗಿ, ಕಣ್ಣಲ್ಲಿ ನೀರು ಬರುವ ಹಾಗೆ. ಅಕ್ಕನ ಕಣ್ಣು ಅವನ ಮುಖದ ಮೇಲೇ ಇತ್ತು, ಗಲ್ಲದ ಕೆಳಗಿನ ಗಾಯದ ಮೇಲೆ.

“ಗೊತ್ತಿಲ್ಲ ಅಕ್ಕಾ. ನೀನು ಹೇಳುವಾಗ ನಾನು ಕೇಳಿಸ್ಕೊಳ್ಲಿಲ್ಲ.”

ಅಕ್ಕ ಕೈಚೀಲದ ಹಿಡಿಕೆಯನ್ನು ಬಿಗಿಯಾಗಿ ಹಿಡಿದುಕೊಂಡಳು. ಈಗ ಎದ್ದುಬಿಡುತ್ತಾಳೆ, ತಾನು ಬೀಳುತ್ತೇನೆ ಎಂದುಕೊಂಡು ಅವನು ಹಲಗೆಯ ಅಂಚನ್ನು ಹಿಡಿದುಕೊಂಡ. ಹಿಡಿದ ಕೈಯನ್ನು ಮತ್ತೆ ಬಿಟ್ಟ. ಬೀಳುವುದಾದರೆ ಬೀಳಲಿ.

“ಅದನ್ನ ನಾನೂ ನೋಡಿದ್ದೆ,” ಎಂದಳು ಅಕ್ಕ. “ಆವತ್ತೇ. ನೀನು ಹೂಂ ಹೂಂ ಅಂತಿದ್ದೆ, ಕಣ್ಣು ಬೇರೆಲ್ಲೋ ಇತ್ತು. ಪಾಪ, ಅವನಿಗೂ ಏನೋ ಇರುತ್ತೆ ಅಂದ್ಕೊಂಡೆ.” ಸೆರಗನ್ನು ಹೆಗಲಿಗೆ ಎಳೆದುಕೊಂಡಳು. “ನನ್ನ ಕೈ ಸುಟ್ಟಿತ್ತು, ನೋಡು. ಆಸ್ಪತ್ರೆಗೆ ಸೇರಿಸೋ ದಿನ, ಗಾಬರೀಲಿ, ಬಿಸಿನೀರಿನ ಪಾತ್ರೆ ಎತ್ತೋಕೆ ಹೋಗಿ. ಅವರಿಗೆ ತೋರಿಸಿರ್ಲಿಲ್ಲ. ಯಾಕೆ ತೋರಿಸ್ಲಿ, ಮಾತು ಬಿಟ್ಟೋರಿಗೆ. ಅವತ್ತು ಮಂಚದ ಪಕ್ಕ ಕೂತಿದ್ದೆ. ಅವರು ಕಣ್ಣು ಬಿಟ್ರು. ನನ್ನ ನೋಡ್ಲಿಲ್ಲ. ಮಂಚದ ಕೆಳಗೆ ಬಗ್ಗಿ ನೋಡೋಕೆ ಹೋದ್ರು, ಬಗ್ಗೋಕೆಲ್ಲಿ ಆಗುತ್ತೆ, ಕೈ ಮಾತ್ರ ಕೆಳಗೆ ಬಿಟ್ಟು, ಬೆಕ್ಕನ್ನ ಕರೆಯೋ ಹಾಗೆ ಬೆರಳು ಆಡಿಸಿದ್ರು. ಆಸ್ಪತ್ರೇಲಿ ಎಲ್ಲಿಂದ ಬರ್ಬೇಕು ಬೆಕ್ಕು. ಬೆಕ್ಕೇ, ಅಂದ್ರು. ಅವಳ ಕೈ ಸುಟ್ಟಿದೆ, ಮುಲಾಮು ಹಚ್ಕೊಳ್ಳೋಕೆ ಹೇಳು, ಅಂದ್ರು.”

ಹಮಾಲಿಗಳು ಲಾರಿಯ ನೆರಳಲ್ಲಿ ಕೂತು ನೀರಿನ ಬಾಟಲಿ ಕೈ ಬದಲಾಯಿಸುತ್ತಿದ್ದರು.

“ನೀನೇನಂದೆ?” ಅಂದ ಅವನು. ಆ ಪ್ರಶ್ನೆ ಅವನ ಬಾಯ ಯಾವ ಮೂಲೆಯಿಂದ ಬಂತೋ.

“ನಾನೂ ಕೆಳಗೇ ನೋಡ್ದೆ. ಬೆಕ್ಕೇ, ಹಚ್ಕೋತಾಳಂತೆ ಅಂತ ಹೇಳು, ಅಂದೆ.” ಅಕ್ಕ ತನ್ನ ಬಲಗೈಯನ್ನು ಮಗುಚಿ ನೋಡಿಕೊಂಡಳು. ಹೆಬ್ಬೆರಳ ಬುಡದಲ್ಲಿ ಚರ್ಮ ಇನ್ನೂ ನುಣ್ಣಗೆ ಹೊಳೆಯುತ್ತಿತ್ತು. ಒಂದೇ ಮನೆಯಲ್ಲಿದ್ದುಕೊಂಡು ಅವನು ಅದನ್ನು ನೋಡಿದ್ದು ಈಗಲೇ. “ಮುಖ ನೋಡಿ ಹೇಳ್ಬಹುದಿತ್ತು. ಅಲ್ಲಿ ಬೆಕ್ಕು ಇರ್ಲೇ ಇಲ್ವಲ್ಲ. ಯಾಕೆ ಹೇಳ್ಲಿಲ್ಲ ಅಂತ ಇವತ್ತಿಗೂ ತಿಳೀದು. ಅದನ್ನ ಕೇಳೋಣ ಅಂತ್ಲೇ ಅವತ್ತು ಬೆಂಚಿನ ಮೇಲೆ ನಿನ್ನ ಹತ್ರ ಬಾಯಿ ಬಿಟ್ಟಿದ್ದು. ಓದಿದ ತಮ್ಮ, ಜಗಳದ ವಿಚಾರ ಬಲ್ಲೋನು.”

ಅವನು ಓದಿದ್ದೆಲ್ಲ ತಲೆಯೊಳಗೆ ಅಂಗಳದ ಮಂಚದ ಹಾಗೆ ಬಿಚ್ಚಿ ಹರವಿಕೊಂಡು ಬಿದ್ದಿತ್ತು, ಯಾವ ತುಂಡು ಯಾವುದಕ್ಕೆ ಎಂದು ತಿಳಿಯದೆ. “ನಂಗೂ ಗೊತ್ತಿಲ್ಲ, ಅಕ್ಕಾ,” ಎಂದ.

“ಸರಿ ಹಾಗಾದ್ರೆ,” ಎಂದಳು ಅಕ್ಕ. ಸಮಾಧಾನವಾಯಿತೋ, ಕೈಬಿಟ್ಟಳೋ. ಕೈಚೀಲವನ್ನು ಹೆಗಲಿಗೇರಿಸಿದಳು. ಹಾರನ್ ಮತ್ತೊಮ್ಮೆ ಬಡಿಯಿತು. “ನಂಗೂ ಈಗ ಹಿಡೀತು ನೋಡು, ಎಡಗಾಲು. ಏಳೋಣವೇನೋ ಗುಂಡ?”

ಅವನು ಏಳಲು ನೋಡಿದ. ಸೊಂಟದಿಂದ ಕೆಳಗೆ ಅವನಿಗೆ ಕಾಲುಗಳೇ ಇರಲಿಲ್ಲ. ಒತ್ತಿ ನೋಡಿದ, ಬೇರೆ ಯಾರದೋ ತೊಡೆ ಒತ್ತಿದಂತಿತ್ತು.

“ಆಗ್ತಿಲ್ಲ,” ಎಂದ. “ಕಾಲಿಗೆ ಜೀವ ಬರ್ಬೇಕು.”

ಹಮಾಲಿಯೊಬ್ಬ ಎದ್ದು ಬಂದು ಹಲಗೆಯ ಬಳಿ ನಿಂತ. ಅಕ್ಕ ಹಮಾಲಿಯನ್ನು ನೋಡಿದಳು, ಲಾರಿಯನ್ನು ನೋಡಿದಳು, ಆಮೇಲೆ ಕೈಚೀಲವನ್ನು ಹೆಗಲಿಂದ ಇಳಿಸಿ ಮಡಿಲಲ್ಲಿಟ್ಟುಕೊಂಡು, ಕೂತಲ್ಲೇ ಕೂತಳು.